ಅಂತರ್ಜಲ ಎರಡು ಮೀಟರ್ ಏರಿದೆಯಂತೆ, ಯಾವ ಬಾವಿಯಲ್ಲಿ?

ಹಿಂಗಾರು ಮುಗಿದು ಕೆರೆಗಳಲ್ಲಿ ಒಂದಿಷ್ಟು ನೀರು ನಿಂತಿತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಅಂತರ್ಜಲ ಮಟ್ಟ ಇಷ್ಟು ಮೀಟರ್ ಏರಿದೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಇಳಿದ ಸುದ್ದಿ ಬರುತ್ತದೆ. ಕೋಲಾರ ಜಿಲ್ಲೆಯ ನಮ್ಮೂರಿನ ಸುತ್ತಲಿರುವ ಕೆಲವು ತೆರೆದ ಬಾವಿ ಮತ್ತು ಕೊಳವೆಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಅಭ್ಯಾಸ ನನಗಿರುವುದರಿಂದ, ಅಂಥ ಸುದ್ದಿ ಓದಿದಾಗ ಮೊದಲು ಹುಟ್ಟುವ ಪ್ರಶ್ನೆ ‘ಎಷ್ಟು ಏರಿತು’ ಎಂಬುದಲ್ಲ, ‘ಯಾವ ಬಾವಿಯಲ್ಲಿ ಏರಿತು’ ಎಂಬುದು. ಜಿಲ್ಲೆಗೊಂದು ಅಂತರ್ಜಲ ಮಟ್ಟ ಎಂಬುದು ನೆಲದಡಿಯಲ್ಲಿ ಎಲ್ಲಿಯೂ ಇಲ್ಲ. ಇರುವುದು ಒಂದೊಂದು ಬಾವಿಯ ಮಟ್ಟ; ಆ ಬಾವಿ ಎಷ್ಟು ಆಳದ್ದು, ಯಾವ ಪದರದ ನೀರನ್ನು ತೋರಿಸುತ್ತಿದೆ, ಅಳೆದ ಹೊತ್ತಿನಲ್ಲಿ ಪಕ್ಕದ ಹೊಲದ ಮೋಟಾರು ಓಡುತ್ತಿತ್ತೆ ಎಂಬುದು ಗೊತ್ತಿಲ್ಲದಿದ್ದರೆ ಆ ಅಂಕಿಯನ್ನು ಓದಲು ಬರುವುದಿಲ್ಲ.

ನಮ್ಮ ಕಡೆಯ ನೆಲದ ರಚನೆಯನ್ನು ಮೊದಲು ಹೇಳಬೇಕು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಸುಮಾರು 700ರಿಂದ 750 ಮಿಲಿಮೀಟರ್ ಮಳೆ, ಅದನ್ನು ಹಿಡಿದಿಡಲು ಹಿಂದಿನವರು ಕಟ್ಟಿದ ಸಾಲು ಸಾಲು ಕೆರೆಗಳು, ಇಷ್ಟೇ ಆಧಾರ. ಮೇಲಿನ ಮಣ್ಣಿನ ಕೆಳಗೆ ಗ್ರಾನೈಟ್ ಮತ್ತು ನೈಸ್ ಶಿಲೆ ಬಿಸಿಲು ಮಳೆಗೆ ಶಿಥಿಲವಾಗಿ ಅರ್ಧ ಕಲ್ಲು, ಅರ್ಧ ಮಣ್ಣಿನಂತಿರುವ ಪದರವೊಂದಿದೆ. ಅಜ್ಜಂದಿರ ಕಾಲದ ತೆರೆದ ಬಾವಿಗಳೆಲ್ಲ ಈ ಪದರದ ನೀರನ್ನು ನಂಬಿಯೇ ತೋಡಿದವು. ಅದರ ಕೆಳಗಿರುವುದು ಗಟ್ಟಿ ಬಂಡೆ. ಬಂಡೆಯಲ್ಲಿ ಬಿರುಕುಗಳಿದ್ದ ಕಡೆ ಮಾತ್ರ ನೀರು. ಬಿರುಕಿಲ್ಲದ ಕಡೆ ಎಷ್ಟು ಅಡಿ ಕೊರೆದರೂ ಬರುವುದು ಬಿಳಿ ಪುಡಿ. ಆದ್ದರಿಂದಲೇ ಒಂದೇ ಹೊಲದ ಎರಡು ಮೂಲೆಗಳಲ್ಲಿ ಕೊರೆದ ಎರಡು ಬೋರ್‌ಗಳಲ್ಲಿ ಒಂದಕ್ಕೆ ಎರಡು ಇಂಚು ನೀರು ಸಿಕ್ಕಿ ಇನ್ನೊಂದು ಫೇಲಾಗುವುದು ಇಲ್ಲಿ ಯಾರಿಗೂ ಆಶ್ಚರ್ಯ ತರುವುದಿಲ್ಲ.

ಈ ಎರಡು ಪದರಗಳ ನಡುವಿನ ಒಂದು ವ್ಯತ್ಯಾಸವನ್ನು ಅರ್ಥ ಮಾಡಿಕೊಂಡರೆ ಮಟ್ಟದ ಏರಿಳಿತದ ಮುಕ್ಕಾಲು ಪಾಲು ಅರ್ಥವಾದಂತೆ. ಶಿಥಿಲ ಶಿಲೆಯ ಪದರದಲ್ಲಿ ತಾನಾಗಿ ಬಸಿದು ಹೊರಬರಬಲ್ಲ ನೀರಿನ ಪ್ರಮಾಣ ಅದರ ಒಟ್ಟು ಗಾತ್ರದ ಶೇಕಡ 1ರಿಂದ 4ರಷ್ಟು ಮಾತ್ರ. ಲೆಕ್ಕಕ್ಕೆ ಶೇಕಡ 2 ಎಂದು ಇಟ್ಟುಕೊಳ್ಳೋಣ. ಆಗ ನೆಲದೊಳಗೆ ಇಂಗಿದ 20 ಮಿಲಿಮೀಟರ್ ನೀರು ಬಾವಿಯ ಮಟ್ಟವನ್ನು ಒಂದು ಮೀಟರ್ ಏರಿಸುತ್ತದೆ. ಒಂದು ಚದರ ಕಿಲೋಮೀಟರ್ ಪ್ರದೇಶದಲ್ಲಿ ಮಟ್ಟ ಒಂದು ಮೀಟರ್ ಏರಿತೆಂದರೆ ಸಂಗ್ರಹವಾದ ನೀರು 20,000 ಘನ ಮೀಟರ್, ಅಂದರೆ ಎರಡು ಕೋಟಿ ಲೀಟರ್. ಕೇಳಲು ದೊಡ್ಡ ಸಂಖ್ಯೆ. ಆದರೆ ಅಷ್ಟು ವಿಸ್ತೀರ್ಣದ ಮೇಲೆ ಹರಡಿದರೆ ಎರಡು ಸೆಂಟಿಮೀಟರ್ ದಪ್ಪದ ನೀರು, ಅಷ್ಟೆ. ಕೆಳಗಿನ ಬಿರುಕುಗಳಲ್ಲಿ ಜಾಗ ಇನ್ನೂ ಕಡಿಮೆ. ಅಲ್ಲಿ ಸ್ವಲ್ಪ ನೀರು ಸೇರಿದರೂ ಮಟ್ಟ ಹತ್ತಾರು ಮೀಟರ್ ಮೇಲೆ ಬರುತ್ತದೆ, ಸ್ವಲ್ಪ ಎತ್ತಿದರೂ ಅಷ್ಟೇ ವೇಗವಾಗಿ ಕೆಳಗಿಳಿಯುತ್ತದೆ. ಹೀಗಾಗಿ ತೆರೆದ ಬಾವಿಯ ಎರಡು ಮೀಟರ್ ಏರಿಕೆಯೂ ಆಳದ ಬೋರಿನ ಎರಡು ಮೀಟರ್ ಏರಿಕೆಯೂ ಒಂದೇ ಅಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದಾಗ ಬರುವ ಅಂಕಿ ಎರಡು ಪದರಗಳಲ್ಲಿ ಯಾವುದನ್ನೂ ವಿವರಿಸುವುದಿಲ್ಲ.

ಕೊಳವೆಬಾವಿಯಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕೇಸಿಂಗ್ ಪೈಪು ಇಳಿಸುವುದು ಮೇಲಿನ ಮಣ್ಣು ಕುಸಿಯದಿರಲಿ ಎಂದು ಮಾತ್ರ. ಗಟ್ಟಿ ಬಂಡೆ ಸಿಕ್ಕಿದ ಮೇಲೆ ಕೆಳಗೆಲ್ಲ ಬರಿಯ ರಂಧ್ರ. ಆ ರಂಧ್ರ ಬೇರೆ ಬೇರೆ ಆಳದ ಬಿರುಕುಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತದೆ. ಮೇಲಿನ ಬಿರುಕಿನ ನೀರು ರಂಧ್ರದ ಗೋಡೆಗುಂಟ ಕೆಳಗೆ ಸುರಿದು, ಒತ್ತಡ ಕಡಿಮೆಯಿರುವ ಕೆಳಗಿನ ಬಿರುಕಿಗೆ ಸೇರುತ್ತದೆ. ಅಂಥ ಬೋರಿನಲ್ಲಿ ಅಳೆದ ಮಟ್ಟ ಯಾವ ಒಂದು ಬಿರುಕಿನದ್ದೂ ಅಲ್ಲ, ಎಲ್ಲವುಗಳ ಬೆರಕೆ. ವೀಕ್ಷಣೆಗೆಂದೇ ಕೊರೆಯುವ ಪೀಜೋಮೀಟರ್ ಬಾವಿಗಳಲ್ಲಿ ಒಂದು ನಿರ್ದಿಷ್ಟ ಪದರದ ಎದುರಿಗೆ ಮಾತ್ರ ತೂತುಗಳಿರುವ ಪೈಪು ಇಟ್ಟು, ಉಳಿದ ಭಾಗವನ್ನು ಮುಚ್ಚುವುದು ಈ ಕಾರಣಕ್ಕೆ. ರೈತರ ಬೋರುಗಳನ್ನೇ ಅಳೆಯಬೇಕಾದ ನನ್ನಂಥವರಿಗೆ ಆ ಅನುಕೂಲವಿಲ್ಲ. ಬೋರು ಎಷ್ಟು ಅಡಿ, ಕೇಸಿಂಗ್ ಎಷ್ಟು ಅಡಿ, ಕೊರೆಯುವಾಗ ಯಾವ ಯಾವ ಆಳದಲ್ಲಿ ನೀರು ಕಾಣಿಸಿತು ಎಂಬುದನ್ನು ಯಜಮಾನರನ್ನು ಕೇಳಿ ಬರೆದಿಟ್ಟುಕೊಳ್ಳುವುದಷ್ಟೇ ನಮ್ಮ ಕೈಲಾಗುವುದು. ಈ ವಿಷಯದಲ್ಲಿ ರೈತರ ನೆನಪು ಅಪಾರ. ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಎಷ್ಟನೇ ಅಡಿಗೆ ಮೊದಲ ತೇವ ಕಂಡಿತೆಂಬುದನ್ನು ಯಾರೂ ಮರೆಯುವುದಿಲ್ಲ.

ಅಳೆಯುವ ಕೆಲಸ ನೋಡಲು ಬಹಳ ಸರಳ. ಹಳ್ಳಿಯಲ್ಲಿ ಈಗಲೂ ಕೆಲವರು ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳುತ್ತಾರೆ. ಕಲ್ಲು ಮೂರು ಸೆಕೆಂಡಿನಲ್ಲಿ ಸುಮಾರು 44 ಮೀಟರ್ ಬೀಳುತ್ತದೆ, ಆ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 29 ಮೀಟರಿನಷ್ಟಾಗಿರುತ್ತದೆ. ಎಣಿಕೆಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ತಪ್ಪಿದರೂ ಮೂರು ಮೀಟರ್ ಹೆಚ್ಚು ಕಡಿಮೆಯಾಗುತ್ತದೆ. ನೀರಿದೆಯೋ ಇಲ್ಲವೋ ತಿಳಿಯಲು ಅದು ಸಾಕು, ಏರಿಳಿತ ತಿಳಿಯಲು ಸಾಲದು. ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟು, ಸುಣ್ಣ ಎಲ್ಲಿಯವರೆಗೆ ನೆಂದಿದೆಯೆಂದು ನೋಡುವ ಹಳೆಯ ಕ್ರಮ ತೆರೆದ ಬಾವಿಗಳಿಗೆ ಈಗಲೂ ನಂಬಲರ್ಹ. ಕೊಳವೆಬಾವಿಗೆ ಬೇಕಾದದ್ದು ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿರುವ ಟೇಪು. ಕಡ್ಡಿಗಳು ನೀರನ್ನು ಮುಟ್ಟಿದೊಡನೆ ವಿದ್ಯುತ್ ಮಂಡಲ ಪೂರ್ಣಗೊಂಡು ಮೇಲಿನ ಪೆಟ್ಟಿಗೆ ಕೀಂಗುಟ್ಟುತ್ತದೆ. ಆದರೆ ಮೇಲಿನ ಬಿರುಕಿನಿಂದ ನೀರು ಸುರಿಯುತ್ತಿರುವ ಬೋರಿನಲ್ಲಿ ಅದು ನಿಜವಾದ ಮಟ್ಟಕ್ಕಿಂತ ಬಹಳ ಮೇಲೆಯೇ ಕೂಗಿಬಿಡುತ್ತದೆ. ಕೂಗು ಬಿಟ್ಟು ಬಿಟ್ಟು ಬರುತ್ತಿದೆಯೇ, ಟೇಪನ್ನು ಒಂದಡಿ ಎತ್ತಿದಾಗ ತಟ್ಟನೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಒಂದಕ್ಕೆ ಮೂರು ಬಾರಿ ಅಳೆದ ಮೇಲೆಯೇ ಬರೆಯಬೇಕು.

ಯಾವ ಬಿಂದುವಿನಿಂದ ಅಳೆಯಬೇಕೆಂಬುದೂ ಮುಖ್ಯ. ಕೇಸಿಂಗ್ ಪೈಪಿನ ಬಾಯಿಯ ಮೇಲೆ ಬಣ್ಣದ ಗುರುತು ಹಾಕಿ, ಅದು ನೆಲದಿಂದ ಎಷ್ಟು ಮೇಲಿದೆಯೆಂದು ಬರೆದಿಟ್ಟುಕೊಂಡು, ಪ್ರತಿ ಬಾರಿಯೂ ಆ ಗುರುತಿನಿಂದಲೇ ಅಳೆದು ಆ ಎತ್ತರವನ್ನು ಕಳೆಯಬೇಕು. ಪೈಪು ಕತ್ತರಿಸಿದರು, ಕಟ್ಟೆ ಎತ್ತರಿಸಿದರು, ಮಣ್ಣು ಹಾಕಿ ನೆಲ ಮಟ್ಟ ಮಾಡಿದರು ಎಂದರೆ ಹೊಸ ಗುರುತು, ಹೊಸ ಟಿಪ್ಪಣಿ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಹೊತ್ತಿನ ಪ್ರಶ್ನೆ. ತ್ರೀ ಫೇಸ್ ಕರೆಂಟು ಬಂದ ಕೂಡಲೆ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಏಕೆಂದರೆ ಆಟೋ ಸ್ಟಾರ್ಟರ್ ಹಾಕದ ರೈತರು ಈಗ ವಿರಳ. ನೀರೆತ್ತುತ್ತಿರುವ ಬೋರಿನ ಮಟ್ಟ ಹತ್ತಾರು ಮೀಟರ್ ಕುಸಿದಿರುತ್ತದೆ. ಅದೇ ಬಿರುಕಿಗೆ ಸೇರಿದ ಪಕ್ಕದ ಬೋರಿನ ಮಟ್ಟವೂ ತಾನೇನೂ ಮಾಡದಿದ್ದರೂ ಇಳಿಯುತ್ತದೆ. ಮೋಟಾರು ನಿಂತ ಮೇಲೆ ಮಟ್ಟ ಮೊದಲು ಬೇಗ, ಆಮೇಲೆ ನಿಧಾನವಾಗಿ ಮೇಲೇರುತ್ತದೆ, ಬಂಡೆಯ ಬೋರುಗಳಲ್ಲಿ ಈ ಚೇತರಿಕೆಗೆ ಗಂಟೆಗಳೇ ಬೇಕಾಗುತ್ತವೆ. ಆದ್ದರಿಂದ ವಿದ್ಯುತ್ ಸರಬರಾಜಿನ ಪಾಳಿಯನ್ನು ಲೈನ್‌ಮನ್ ಬಳಿ ಕೇಳಿಕೊಂಡು, ಕರೆಂಟು ಬರುವ ಮುಂಚೆ, ರಾತ್ರಿಯಿಡೀ ವಿಶ್ರಾಂತಿ ಪಡೆದ ಬಾವಿಯನ್ನು ಅಳೆಯುವುದೇ ಕ್ರಮ. ಪಾಳಿ ವಾರದಿಂದ ವಾರಕ್ಕೆ ಬದಲಾಗುವ ಕಡೆ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿದ್ದವರಿಗೆ ಹೇಳಬೇಕಿಲ್ಲ.

ಸರ್ಕಾರದ ಕಡೆಯಿಂದ ನಡೆಯುವ ವೀಕ್ಷಣೆಗೆ ದೊಡ್ಡ ಇತಿಹಾಸವೇ ಇದೆ. ಕೇಂದ್ರೀಯ ಅಂತರ್ಜಲ ಮಂಡಳಿ ದೇಶದಾದ್ಯಂತ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚಿನ ಬೇಸಿಗೆ, ಆಗಸ್ಟ್ ಮತ್ತು ನವೆಂಬರ್. ನಮ್ಮ ರಾಜ್ಯದಲ್ಲಿ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ಬಾವಿಗಳ ಜಾಲವಿದೆ. 1995ರಲ್ಲಿ ಆರಂಭವಾದ ಜಲವಿಜ್ಞಾನ ಯೋಜನೆಯ ಕಾಲದಿಂದ ತಾವಾಗಿಯೇ ಮಟ್ಟ ದಾಖಲಿಸುವ ಡಿಜಿಟಲ್ ಉಪಕರಣಗಳು ಬಂದವು, ಈಗ ಅವು ಮೊಬೈಲ್ ಜಾಲದ ಮೂಲಕ ಅಂಕಿಗಳನ್ನು ಕಳಿಸುತ್ತವೆ. ನೀರಿನೊಳಗೆ ತೂಗುಬಿಟ್ಟ ಸಂವೇದಕ ತನ್ನ ಮೇಲಿರುವ ನೀರಿನ ಒತ್ತಡವನ್ನು ಅಳೆಯುತ್ತದೆ. ನೀರಿನ ಜೊತೆಗೆ ಗಾಳಿಯ ಭಾರವೂ ಅದರ ಮೇಲೆ ಬೀಳುವುದರಿಂದ, ಗಾಳಿಯ ಒತ್ತಡವನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ ಬಾವಿ ಸುಮ್ಮನಿದ್ದಾಗಲೂ ನಕ್ಷೆಯಲ್ಲಿ ದಿನಕ್ಕೆರಡು ಬಾರಿ ಒಂದೆರಡು ಸೆಂಟಿಮೀಟರ್ ಏರಿಳಿತ ಕಾಣುತ್ತದೆ. ನಮ್ಮಂಥ ಉಷ್ಣವಲಯದಲ್ಲಿ ಗಾಳಿಯ ಒತ್ತಡ ಹಗಲು ಮತ್ತು ರಾತ್ರಿ ಹತ್ತು ಗಂಟೆಯ ಆಸುಪಾಸು ಏರಿ, ನಾಲ್ಕರ ಆಸುಪಾಸು ಇಳಿಯುವುದೇ ಅದಕ್ಕೆ ಕಾರಣ. ಮೀಟರುಗಟ್ಟಲೆ ಏರಿಳಿಯುವ ನಮ್ಮ ಬಾವಿಗಳ ಮುಂದೆ ಇದು ಸಣ್ಣ ವಿಷಯ. ಡಿಜಿಟಲ್ ಉಪಕರಣದ ದೊಡ್ಡ ಉಪಕಾರವೆಂದರೆ ಅದು ಹೊತ್ತಿನ ಪ್ರಶ್ನೆಯನ್ನು ಬಗೆಹರಿಸುತ್ತದೆ: ದಿನಕ್ಕೆ ಹಲವು ಅಂಕಿಗಳು ಸಿಕ್ಕುವುದರಿಂದ ಮೋಟಾರು ಓಡಿದ್ದು ಯಾವಾಗ, ನಿಂತದ್ದು ಯಾವಾಗ ಎಂಬುದು ನಕ್ಷೆಯಲ್ಲೇ ಕಾಣುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅದು ಬತ್ತಿದ ಬಾವಿಗಳ ಕುರಿತದ್ದು. ವೀಕ್ಷಣಾ ಬಾವಿಯ ತಳದವರೆಗೂ ನೀರು ಇಳಿದುಹೋದರೆ ಅಂಕಣದಲ್ಲಿ ‘ಒಣಗಿದೆ’ ಎಂದು ಬರೆಯುತ್ತಾರೆ. ಸರಾಸರಿ ತೆಗೆಯುವಾಗ ‘ಒಣಗಿದೆ’ ಎಂಬುದು ಸಂಖ್ಯೆಯಲ್ಲವಾದ್ದರಿಂದ ಆ ಬಾವಿ ಲೆಕ್ಕದಿಂದಲೇ ಹೊರಗೆ ಬೀಳುತ್ತದೆ. ಇದರ ಪರಿಣಾಮ ಎಂಥದೆಂದು ತೋರಿಸಲು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ತಲಾ 15 ಮೀಟರ್ ಆಳದ ಐದು ಬಾವಿಗಳಿವೆ ಎನ್ನಿ. ಅವುಗಳಲ್ಲಿ ನೀರು ನೆಲದಿಂದ 6, 8, 10, 14 ಮತ್ತು 14.5 ಮೀಟರ್ ಕೆಳಗಿದೆ. ಸರಾಸರಿ 10.5 ಮೀಟರ್. ಮುಂದಿನ ವರ್ಷ ಮಳೆ ಕೈಕೊಟ್ಟು ಎಲ್ಲ ಕಡೆಯೂ ನೀರು ಒಂದೂವರೆ ಮೀಟರ್ ಇಳಿಯಿತು. ಮೊದಲ ಮೂರು ಬಾವಿಗಳಲ್ಲಿ ಅದು 7.5, 9.5 ಮತ್ತು 11.5 ಆಯಿತು, ಕೊನೆಯ ಎರಡು ಬತ್ತಿದವು. ಉಳಿದ ಮೂರರ ಸರಾಸರಿ 9.5 ಮೀಟರ್. ಪ್ರತಿಯೊಂದು ಬಾವಿಯಲ್ಲೂ ನೀರು ಒಂದೂವರೆ ಮೀಟರ್ ಇಳಿದ ವರ್ಷದಲ್ಲಿ ವರದಿಯ ಪ್ರಕಾರ ಅಂತರ್ಜಲ ಒಂದು ಮೀಟರ್ ಏರಿದೆ! ಫೇಲಾದ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ಶಾಲೆಯ ಸರಾಸರಿ ಅಂಕ ಹೆಚ್ಚಿತೆಂದು ಹೇಳಿದ ಹಾಗೆ.

ಇದು ಬರೀ ಕಾಗದದ ಮೇಲಿನ ಆಟವಲ್ಲ. ತೇಜಸ್ವಿ ಹೊರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು 2019ರಲ್ಲಿ ಪ್ರಕಟಿಸಿದ ಸಂಶೋಧನೆಯ ವಿಷಯವೇ ಇದು. ದಕ್ಷಿಣ ಭಾರತದ ಬಾವಿಗಳ ದಾಖಲೆಗಳು ಮತ್ತು ಉಪಗ್ರಹದ ಅಂಕಿಗಳು ಅಂತರ್ಜಲ ಚೇತರಿಸಿಕೊಳ್ಳುತ್ತಿದೆ ಎಂದು ಹೇಳುತ್ತಿದ್ದಾಗ, ಹಳ್ಳಿಗಳಲ್ಲಿ ಬಾವಿಗಳು ಬತ್ತುತ್ತಿದ್ದದ್ದು ಏಕೆ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಬತ್ತಿದ ಮತ್ತು ಮಧ್ಯೆ ದಾಖಲೆ ತುಂಡಾದ ಬಾವಿಗಳನ್ನು ಲೆಕ್ಕದಿಂದ ಬಿಟ್ಟು, ದಾಖಲೆ ಅಖಂಡವಾಗಿರುವ ಬಾವಿಗಳನ್ನು ಮಾತ್ರ ಆಯ್ದುಕೊಳ್ಳುವುದರಿಂದ ಚಿತ್ರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆಂದು ತೋರಿಸಿದರು. ಇದನ್ನು ಓದಿದಾಗ ನನಗೆ ಅಚ್ಚರಿಗಿಂತ ಸಮಾಧಾನವೇ ಹೆಚ್ಚಾಯಿತು. ನಮ್ಮ ಊರಿನ ಹಿರಿಯರು ಮೊದಲಿನಿಂದಲೂ ಹೇಳುತ್ತಿದ್ದ ಮಾತಿಗೆ ಲೆಕ್ಕದ ಬೆಂಬಲ ಸಿಕ್ಕಿತ್ತು. ಇನ್ನು ಉಪಗ್ರಹದ ವಿಷಯ: 2002ರಲ್ಲಿ ಹಾರಿಬಿಟ್ಟ ಗ್ರೇಸ್ ಉಪಗ್ರಹಗಳು 2017ರವರೆಗೆ ಗುರುತ್ವಾಕರ್ಷಣೆಯ ಸೂಕ್ಷ್ಮ ಬದಲಾವಣೆಯಿಂದ ನೆಲದ ನೀರಿನ ಒಟ್ಟು ಪ್ರಮಾಣದ ಏರಿಳಿತವನ್ನು ಅಂದಾಜಿಸುತ್ತಿದ್ದವು, ಆದರೆ ಅವುಗಳಿಗೆ ಕಾಣುತ್ತಿದ್ದದ್ದು ನೂರಾರು ಕಿಲೋಮೀಟರ್ ಅಗಲದ ಪ್ರದೇಶಗಳು. ಪಂಜಾಬ್, ಹರಿಯಾಣದಂಥ ವಿಸ್ತಾರವಾದ ಬಯಲಿಗೆ ಅದು ಸರಿ. ಮುಳಬಾಗಿಲು ತಾಲ್ಲೂಕಿನ ಸ್ಥಿತಿ ಅದಕ್ಕೆ ಕಾಣುವುದಿಲ್ಲ.

ಬತ್ತಿದ ಬಾವಿಗೆ ನಾನು ಅನುಸರಿಸುವ ಕ್ರಮ ಹೀಗಿದೆ. ‘ಒಣಗಿದೆ’ ಎಂದು ಬರೆದು ಬಿಡುವುದಿಲ್ಲ, ‘15 ಮೀಟರಿಗಿಂತ ಕೆಳಗೆ’ ಎಂದು ಬರೆಯುತ್ತೇನೆ. ಅದು ನಿಜವಾಗಿಯೂ ನಮಗೆ ತಿಳಿದಿರುವ ಸಂಗತಿ. ಸರಾಸರಿಯ ಬದಲು ನಡುವಿನ ಅಂಕಿಯನ್ನು, ಅಂದರೆ ಕ್ರಮವಾಗಿ ಜೋಡಿಸಿದಾಗ ಮಧ್ಯದಲ್ಲಿ ಬರುವ ಬಾವಿಯ ಮಟ್ಟವನ್ನು ನೋಡುತ್ತೇನೆ. ಮೇಲಿನ ಉದಾಹರಣೆಯಲ್ಲಿ ಅದು ಮೊದಲ ವರ್ಷ 10, ಎರಡನೆಯ ವರ್ಷ 11.5, ನಿಜವಾದ ಒಂದೂವರೆ ಮೀಟರ್ ಕುಸಿತ ಹಾಗೆಯೇ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಬಾವಿಗಳು ಬತ್ತಿದ ಮೇಲೆ ಈ ಉಪಾಯವೂ ನಡೆಯದು. ಕೋಲಾರದ ತೆರೆದ ಬಾವಿಗಳ ಮಟ್ಟಿಗೆ ಆ ಹಂತ ಬಹಳ ಹಿಂದೆಯೇ ಬಂದು ಹೋಯಿತು, ಆಗ ನೂರರಲ್ಲಿ ಎಷ್ಟು ಬಾವಿಗಳಲ್ಲಿ ನೀರಿದೆ ಎಂಬ ಎಣಿಕೆಯೇ ಮಟ್ಟಕ್ಕಿಂತ ಸತ್ಯವಾದ ಅಳತೆ.

ಕೆ.ಸಿ. ವ್ಯಾಲಿ ಯೋಜನೆಯ ಚರ್ಚೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. ಕೋಲಾರದ ಕೆರೆಗಳನ್ನು ತುಂಬಿಸುವ ಈ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತ ಹೋಯಿತು. ನೀರಿನ ಗುಣಮಟ್ಟದ ವಾದ ಬೇರೆಯೇ ಆದದ್ದು, ಅದನ್ನು ಇಲ್ಲಿ ಎತ್ತುವುದಿಲ್ಲ. ಮಟ್ಟದ ಬಗ್ಗೆ ಹೇಳುವುದಾದರೆ, ಯೋಜನೆಯಿಂದ ಅಂತರ್ಜಲ ಏರಿದೆಯೆಂದು ತೋರಿಸಲು 2017 ಮತ್ತು 2022ರ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಲದು. 2021ರ ನವೆಂಬರಿನಲ್ಲಿ ಈ ಸೀಮೆಯಲ್ಲಿ ಎಡೆಬಿಡದೆ ಸುರಿದ ಮಳೆಗೆ ವರ್ಷಗಳಿಂದ ಕೋಡಿ ಕಾಣದಿದ್ದ ಕೆರೆಗಳೂ ಕೋಡಿ ಬಿದ್ದವು, 2022ರಲ್ಲಿಯೂ ಮಳೆ ಹೇರಳವಾಗಿತ್ತು. ಆ ಏರಿಕೆಯಲ್ಲಿ ಮಳೆಯ ಪಾಲೆಷ್ಟು, ಪೈಪಿನಲ್ಲಿ ಬಂದ ನೀರಿನ ಪಾಲೆಷ್ಟು? ಬೇರ್ಪಡಿಸುವ ದಾರಿ ಇಲ್ಲದಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ಬಾವಿ ಏರಿತೇ ಎಂದು ನೋಡಬೇಕು. ನೀರು ಬಂದ ಕೆರೆಯ ಅಚ್ಚುಕಟ್ಟಿನ ಬಾವಿಯನ್ನು ಅಷ್ಟೇ ಮಳೆ ಬಿದ್ದ, ಆದರೆ ಪೈಪಿನ ನೀರು ಮುಟ್ಟದ ಕೆರೆಯ ಅಚ್ಚುಕಟ್ಟಿನ ಬಾವಿಯೊಂದಿಗೆ ಹೋಲಿಸಬೇಕು. 2023ರ ಬರದಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ಎರಡೂ ಕಡೆ ಮಟ್ಟ ಎಷ್ಟು ವೇಗವಾಗಿ ಇಳಿಯಿತೆಂದು ನೋಡಬೇಕು. ಕೆರೆಯ ಬುಡದಲ್ಲಿರುವ ತೋಟಗಳ ಬೋರುಗಳು ಬೇಸಿಗೆಯಲ್ಲಿಯೂ ತುಂಬಿ ನಿಂತದ್ದನ್ನು ನಾನು ಕಂಡಿದ್ದೇನೆ, ಯೋಜನೆಯ ಪಾತ್ರವನ್ನು ಅಲ್ಲಗಳೆಯುವುದಿಲ್ಲ. ಆದರೆ ದಿಬ್ಬದ ಮೇಲಿನ, ಕೆರೆಯಿಂದ ದೂರದ ಹೊಲದವರು ಅದೇ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದಿದ್ದಾರೆ. ಜಿಲ್ಲೆಯ ಸರಾಸರಿ ಈ ಇಬ್ಬರ ಕಥೆಯನ್ನೂ ಒಂದೇ ಅಂಕಿಯಲ್ಲಿ ಮುಗಿಸುತ್ತದೆ.

ಅಳೆಯಲು ಹೋದಾಗ ಎಲ್ಲರೂ ಬಾವಿ ತೋರಿಸುವುದಿಲ್ಲ. 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸದಾಗಿ ಬೋರು ಕೊರೆಯಲು ಅನುಮತಿ ಬೇಕು. ಟೇಪು ಹಿಡಿದು ಬಂದವನ ಹಿಂದೆ ನೋಟಿಸೋ ಮೀಟರೋ ಬಂದೀತೆಂಬ ಅನುಮಾನ ಸಹಜ. ಟೇಪು ಮೋಟಾರಿನ ಕೇಬಲ್ಲಿಗೋ ಹಗ್ಗಕ್ಕೋ ಸುತ್ತಿಕೊಂಡು ಒಳಗೇ ಸಿಕ್ಕಿಕೊಂಡರೆ ಪಂಪು ಎತ್ತಿಸುವ ಖರ್ಚು ಯಾರದು ಎಂಬ ಪ್ರಶ್ನೆ ಇನ್ನೂ ನ್ಯಾಯವಾದದ್ದು. ಪಂಪು ಇಳಿಸುವಾಗಲೇ ಪಕ್ಕದಲ್ಲಿ ಒಂದು ಸಣ್ಣ ಪಿವಿಸಿ ಪೈಪನ್ನು ಇಳಿಸಿಟ್ಟರೆ ಟೇಪು ಅದರೊಳಗೆ ಸಲೀಸಾಗಿ ಹೋಗುತ್ತದೆ, ಹೊಸ ಬೋರು ಕೊರೆಸುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಇದನ್ನೇ. ಬಾವಿ ತೋರಿಸದವರೂ ಒಂದು ಮಾಹಿತಿಯನ್ನು ಸಂತೋಷದಿಂದ ಕೊಡುತ್ತಾರೆ: ಮೋಟಾರು ಎಷ್ಟು ಹೊತ್ತು ಓಡಿದ ಮೇಲೆ ಗಾಳಿ ಎಳೆಯುತ್ತದೆ ಎಂಬುದು. ಹೋದ ವರ್ಷ ನಾಲ್ಕು ಗಂಟೆ ಓಡುತ್ತಿದ್ದದ್ದು ಈಗ ಒಂದೂವರೆ ಗಂಟೆಗೆ ನಿಲ್ಲುತ್ತಿದೆ ಎಂಬ ಮಾತು ಯಾವ ಟೇಪಿನ ಅಂಕಿಗೂ ಕಡಿಮೆಯಲ್ಲ, ಅದನ್ನೂ ದಿನಾಂಕ ಸಹಿತ ಬರೆದುಕೊಳ್ಳುತ್ತೇನೆ.

ಅಳತೆ ರೈತರ ಕೈಯಲ್ಲೇ ಇದ್ದರೆ ಏನಾಗುತ್ತದೆಂಬುದಕ್ಕೆ ಗಡಿಯಾಚೆ ಒಳ್ಳೆಯ ಉದಾಹರಣೆಯಿದೆ. ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ನಮ್ಮ ನೆರೆಯ ಅನಂತಪುರ ಮತ್ತು ಚಿತ್ತೂರುಗಳೂ ಸೇರಿದಂತೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆದ ಯೋಜನೆಯೊಂದರಲ್ಲಿ ರೈತ ಪುರುಷರು ಮತ್ತು ಮಹಿಳೆಯರು ತಾವೇ ಮಳೆಯನ್ನೂ ಬಾವಿಯ ಮಟ್ಟವನ್ನೂ ಅಳೆದು, ಹಿಂಗಾರು ಬೆಳೆಗೆ ಮುನ್ನ ಸಭೆ ಸೇರಿ ಇರುವ ನೀರಿನ ಆಯವ್ಯಯ ಹಾಕುತ್ತಿದ್ದರು. ಯಾರಿಗೂ ಇಂಥದ್ದೇ ಬೆಳೆಯಬೇಕೆಂಬ ಕಟ್ಟುಪಾಡು ಇರಲಿಲ್ಲ. ಲೆಕ್ಕ ನೋಡಿದ ಮೇಲೆ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೋಗುವ ನಿರ್ಧಾರ ಅವರವರದ್ದೇ. 2019ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇದೇ ದಾರಿಯನ್ನು ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಂದಿತು, ಅಳೆದ ಅಂಕಿಗಳನ್ನು ಊರವರಿಗೆ ಕಾಣುವಂತೆ ಪ್ರಕಟಿಸಬೇಕೆಂಬ ಶರತ್ತನ್ನೂ ಇಟ್ಟಿತು. ಹಿಂಗಾರಿನ ನಿರ್ಧಾರಕ್ಕೆ ಬೇಕಾದದ್ದು ನವೆಂಬರಿನ ಅಂಕಿ, ಸ್ವಾತಿ ಮಳೆ ಮುಗಿದ ಮೇಲಿನದ್ದು. ಅದನ್ನು ಹೋದ ನವೆಂಬರಿನ ಅಂಕಿಯೊಂದಿಗೆ ಮಾತ್ರ ಹೋಲಿಸಬೇಕು. ಮೇ ತಿಂಗಳಿನ ಅಂಕಿಯೊಂದಿಗೆ ಹೋಲಿಸಿದರೆ ಬರದ ವರ್ಷದಲ್ಲಿಯೂ ಸಾಮಾನ್ಯವಾಗಿ ಅಂತರ್ಜಲ ಏರಿದಂತೆಯೇ ಕಾಣುತ್ತದೆ.

ಪಂಚಾಯಿತಿ ಕಚೇರಿಗಳ ಮುಂದೆ ಮಟ್ಟದ ಫಲಕ ಬರೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಮೀಟರಿನ ಅಂಕಿಯ ಪಕ್ಕದಲ್ಲಿ ಇನ್ನು ಮೂರು ಅಂಕಣಗಳಿರಲಿ: ಬಾವಿಯ ಒಟ್ಟು ಆಳ, ಅಳೆದ ದಿನ ಮತ್ತು ಹೊತ್ತು, ಪಟ್ಟಿಯಲ್ಲಿದ್ದ ಬಾವಿಗಳಲ್ಲಿ ಈ ಬಾರಿ ಬತ್ತಿದವು ಎಷ್ಟು. ಮೂರನೆಯದಕ್ಕೆ ಜಾಗ ಸಾಲದಿದ್ದರೆ ಸರಾಸರಿಯನ್ನು ಅಳಿಸಿ ಅಲ್ಲಿಯೇ ಬರೆಯಬಹುದು.